ಹಳೇ ಕಂಪಾಸ್ ಕೈಗೆ ಸಿಕ್ಕರೆ ಹೆಸರು ಬಿಡಿ, ಮುಳ್ಳು ನೋಡಿ

ಬೆಳಗಾವಿಯಲ್ಲಿ ಹಳೇ ಕಂಪಾಸ್ ಸಿಗುವುದು ದೊಡ್ಡ ಸುದ್ದಿಯೇನಲ್ಲ. ಊರ ತುಂಬ ಫೌಜಿ ಮನೆಗಳಿವೆ. ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರ 1922ರಿಂದ ಇಲ್ಲೇ ಇದೆ, ಕ್ಯಾಂಪ್ ಅದಕ್ಕಿಂತ ಹಳೇದು. ಅಜ್ಜನ ಟ್ರಂಕಿನ ತಳದಲ್ಲಿ ಮೆಡಲುಗಳ ಜೊತೆ ಒಂದು ಹಿತ್ತಾಳೆ ಡಬ್ಬಿ ಸಿಗುತ್ತದೆ, ಇಲ್ಲವೇ ಗುಜರಿ ಅಂಗಡಿಯಲ್ಲಿ ತೂಕಕ್ಕೆ ಹಾಕಿದ ನಲ್ಲಿ, ಬೀಗಗಳ ರಾಶಿಯಲ್ಲಿ ಇನ್ನೊಂದು ಕಣ್ಣಿಗೆ ಬೀಳುತ್ತದೆ. ಸಿಕ್ಕವರೆಲ್ಲ ಕೇಳುವ ಪ್ರಶ್ನೆ ಎರಡೇ: ಇದು ಅಸಲಿನಾ, ಎಷ್ಟು ಹಳೇದು? ಇದು ಇನ್ನೂ ಸರಿಯಾಗಿ ದಿಕ್ಕು ತೋರಿಸುತ್ತದಾ ಅಂತ ಕೇಳುವವರು ಕಮ್ಮಿ. ಈ ಮೂರಕ್ಕೂ ಮನೆಯಲ್ಲೇ ಕೂತು ಹೇಗೆ ಉತ್ತರ ಹುಡುಕಬಹುದು ಅಂತ ಹೇಳುತ್ತೇನೆ.

ಒಂದು ಮಾತು ಮೊದಲೇ. ಮೇಲೆ ಕೆತ್ತಿದ ಹೆಸರು, ಇಸವಿ ನೋಡಿ ಏನನ್ನೂ ನಿರ್ಧಾರ ಮಾಡಬೇಡಿ. ಹೆಸರನ್ನು ಯಾರು ಬೇಕಾದರೂ ಕೆತ್ತಬಹುದು. ಒಳಗಿನ ಮುಳ್ಳು ನಿಲ್ಲೋಕೆ ಏನು ವ್ಯವಸ್ಥೆ ಮಾಡಿದ್ದಾರೆ ಅಂತ ನೋಡಿ. ಕೈಯಲ್ಲಿ ಹಿಡಿಯುವ ಕಂಪಾಸಿನ ಇನ್ನೂರು ವರ್ಷದ ಬದಲಾವಣೆಗಳಲ್ಲಿ ಮುಕ್ಕಾಲು ಪಾಲು ಒಂದೇ ತಲೆನೋವಿಗೆ ಹುಡುಕಿದ ಮದ್ದು: ಮುಳ್ಳು ಓಲಾಡುತ್ತಲೇ ಇರುತ್ತದೆ, ಬೇಗ ನಿಲ್ಲುವುದಿಲ್ಲ. ಯಾವ ಮದ್ದು ಹಾಕಿದ್ದಾರೆ ಅಂತ ಗೊತ್ತಾದರೆ ಕಾಲ ತಾನಾಗಿ ಗೊತ್ತಾಗುತ್ತದೆ.

ಮೊದಲು ಕೈ ತಡೆಯಿರಿ

ಹಿತ್ತಾಳೆ ಸಾಮಾನು ಕೈಗೆ ಬಂತು ಅಂದರೆ ನಮ್ಮ ಮನೆಗಳಲ್ಲಿ ಏನಾಗುತ್ತದೆ ಗೊತ್ತಲ್ವಾ? ಹುಣಸೆಹಣ್ಣು ಬರುತ್ತದೆ, ಇಲ್ಲವೇ ಪೀತಾಂಬರಿ ಪುಡಿ ಬರುತ್ತದೆ, ಐದು ನಿಮಿಷದಲ್ಲಿ ದೇವರ ಮನೆಯ ದೀಪದ ಹಾಗೆ ಫಳಫಳ. ಕಂಪಾಸಿಗೆ ಇದನ್ನು ದಯವಿಟ್ಟು ಮಾಡಬೇಡಿ. ಹಳೇ ಕಂಪಾಸುಗಳ ಹಿತ್ತಾಳೆಯ ಮೇಲೆ ತೆಳ್ಳಗೆ ಲ್ಯಾಕರ್ ಇರುತ್ತದೆ, ಮಿಲಿಟರಿ ಕಂಪಾಸುಗಳಿಗೆ ಕಪ್ಪು ಬಣ್ಣ ಇರುತ್ತದೆ. ಉಜ್ಜಿದರೆ ಅದೆಲ್ಲ ಹೋಗುತ್ತದೆ. ಕೆತ್ತಿದ ಅಕ್ಷರಗಳ ಅಂಚು ಸವೆಯುತ್ತದೆ. ಹುಳಿ ನೀರು ಮುಚ್ಚಳದ ಸಂದಿಯಿಂದ ಒಳಗಿಳಿದು ಮುಳ್ಳಿನ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಇಷ್ಟಾದ ಮೇಲೆ ಅದು ಹೊಳೆಯುವ ಡಬ್ಬಿ ಮಾತ್ರ. ಒಣ ಹತ್ತಿ ಬಟ್ಟೆಯಿಂದ ಧೂಳು ಒರೆಸಿ, ಅಷ್ಟೇ ಸಾಕು. ಕಿಲುಬು ಹಸಿರಾಗಿ ಗಂಟು ಕಟ್ಟಿದ್ದರೆ ಹಲ್ಲುಕಡ್ಡಿಯ ತುದಿಯಿಂದ ಮೆಲ್ಲಗೆ ಕೆರೆದು ತೆಗೆಯಿರಿ.

ಆದರೆ ಕೆರೆಯೋಕೆ ಮುಂಚೆ ಇದನ್ನು ಓದಿ. ಮುಳ್ಳಿನ ಮೇಲೆ, ಕಾರ್ಡಿನ (ಮುಳ್ಳಿನ ಜೊತೆ ತಿರುಗುವ, ಅಂಕಿ ಬರೆದ ಬಿಲ್ಲೆ) ಉತ್ತರದ ಗುರುತಿನ ಮೇಲೆ, ಅಥವಾ ಮುಚ್ಚಳದ ಗಾಜಿನ ಎರಡು ತುದಿಯಲ್ಲಿ ಮಾಸಲು ಹಳದಿಯೋ ಕಂದೋ ಬಣ್ಣದ ದಪ್ಪ ಬಳಿತ ಕಂಡರೆ ಅದು ರೇಡಿಯಂ ಬಣ್ಣ ಇರಬಹುದು. ಮೊದಲ ಮಹಾಯುದ್ಧದ ಕಾಲದಿಂದ ಎರಡನೇ ಯುದ್ಧ ದಾಟುವವರೆಗೂ ರಾತ್ರಿ ಹೊತ್ತು ಕಾಣಲಿ ಅಂತ ಇದನ್ನು ಧಾರಾಳವಾಗಿ ಬಳಿದಿದ್ದಾರೆ. ಕತ್ತಲಲ್ಲಿ ಹೊಳೆಯುತ್ತಿಲ್ಲ, ಹಾಗಾದರೆ ಸತ್ತಿದೆ ಅಂದುಕೊಳ್ಳಬೇಡಿ. ಸತ್ತಿರುವುದು ಅದರ ಜೊತೆ ಬೆರೆಸಿದ, ಬೆಳಕು ಕೊಡುವ ಸತುವಿನ ಪುಡಿ. ರೇಡಿಯಂ ಅರ್ಧ ಕಮ್ಮಿಯಾಗೋಕೇ ಸುಮಾರು 1600 ವರ್ಷ ಬೇಕು. ಗಾಜು ಮುಚ್ಚಿದ್ದರೆ, ಆಗಾಗ ಕೈಯಲ್ಲಿ ಹಿಡಿದು ನೋಡೋದರಿಂದ ಹೆದರುವಂಥದ್ದೇನಿಲ್ಲ. ಬಿಚ್ಚಬಾರದು, ಆ ಬಣ್ಣವನ್ನು ಕೆರೆಯಬಾರದು, ಉದುರಿದ ಪುಡಿಯನ್ನು ಬಾಯಿಂದ ಊದಬಾರದು. ಮುಟ್ಟಿದ ಮೇಲೆ ಕೈ ತೊಳೆಯಿರಿ. ಮಕ್ಕಳ ಕೈಗೆ ಕೊಡಬೇಡಿ, ಮಲಗುವ ಕೋಣೆಯಲ್ಲೂ ಬೇಡ, ಗಾಳಿಯಾಡುವ ಕಡೆ ಇಡಿ. ಗಾಜು ಒಡೆದ ರೇಡಿಯಂ ಕಂಪಾಸ್ ಎಷ್ಟೇ ಅಗ್ಗಕ್ಕೆ ಬಂದರೂ ನಾನಂತೂ ತಗೊಳ್ಳುವುದಿಲ್ಲ.

ಮುಳ್ಳು ಹೇಗೆ ನಿಲ್ಲುತ್ತದೆ?

ಕಂಪಾಸನ್ನು ಮೇಜಿನ ಮೇಲೆ ಮಟ್ಟಸವಾಗಿ ಇಟ್ಟು ಒಂದು ಕಬ್ಬಿಣದ ಬೀಗದ ಕೈ ಹತ್ತಿರ ತಂದು ಮುಳ್ಳನ್ನು ಸ್ವಲ್ಪ ಎಳೆದು ಬಿಡಿ. ಏನಾಗುತ್ತದೆ ನೋಡಿ.

ಅತ್ತ ಇತ್ತ ತೂಗುತ್ತ, ತೂಗುತ್ತ, ನಿಮಗೆ ಬೇಜಾರಾಗುವವರೆಗೂ ತೂಗುತ್ತಿದ್ದರೆ ಅದು ಒಣ ಕಂಪಾಸ್, ಒಳಗೆ ಗಾಳಿ ಬಿಟ್ಟರೆ ಏನೂ ಇಲ್ಲ. ಕೈ ಕಂಪಾಸಿನ ಅತಿ ಹಳೇ ರೂಪ ಇದೇ. ಚೌಕಾಕಾರದ ಮರದ ಪೆಟ್ಟಿಗೆಯಲ್ಲಿ ಕೂರಿಸಿದ್ದು, ಆಮೇಲೆ ಜೇಬಿನ ಗಡಿಯಾರದ ಹಾಗೆ ಗುಂಡಗಿನ ಹಿತ್ತಾಳೆ ಡಬ್ಬಿಯಲ್ಲಿ ಬಂದದ್ದು. ಇವುಗಳಲ್ಲಿ ಮುಳ್ಳನ್ನು ಬೇಗ ನಿಲ್ಲಿಸುವ ವ್ಯವಸ್ಥೆ ಇಲ್ಲ, ಎತ್ತಿ ಹಿಡಿಯುವ ವ್ಯವಸ್ಥೆ ಮಾತ್ರ ಇದೆ. ಮುಚ್ಚಳ ಹಾಕಿದಾಗ ಒಂದು ಚಿಕ್ಕ ಸನ್ನೆಕೋಲು ಮುಳ್ಳನ್ನು ಅದು ಕೂತು ತಿರುಗುವ ಚೂಪು ಮೊಳೆಯಿಂದ ಮೇಲೆತ್ತಿ ಗಾಜಿಗೆ ಒತ್ತಿ ಹಿಡಿಯುತ್ತದೆ. ಇದು ದಿಕ್ಕು ನೋಡೋಕಲ್ಲ, ಕುದುರೆ ಮೇಲೆ ಹೋಗುವಾಗ ಮೊಳೆಯ ತುದಿ ಸವೆಯದಿರಲಿ ಅಂತ. ನಿಮ್ಮ ಕಂಪಾಸಿನಲ್ಲಿ ಆ ಸನ್ನೆ ಇನ್ನೂ ಕೆಲಸ ಮಾಡುತ್ತಿದ್ದರೆ ಮೊಳೆಯೂ ಚೆನ್ನಾಗಿರುವ ಸಾಧ್ಯತೆ ಜಾಸ್ತಿ.

ಈ ಒಣ ಜಾತಿಯಲ್ಲೇ ಒಂದು ಚೆಂದದ ತಳಿ ಇದೆ. ಮುಳ್ಳಿನ ಬದಲು ತಿರುಗುವ ಬಿಲ್ಲೆ, ಅದರಲ್ಲಿ ಅರ್ಧ ಕಪ್ಪು, ಅರ್ಧ ಮುತ್ತಿನ ಚಿಪ್ಪಿನ ಬಿಳುಪು. ಬ್ರಿಟಿಷ್ ನೌಕಾಪಡೆಯ ಸ್ಯಾಮ್ಯುಯೆಲ್ ಬೆರಿ ಸಿಂಗರ್ ಅನ್ನುವ ಅಧಿಕಾರಿ 1861ರಲ್ಲಿ ಇದಕ್ಕೆ ಪೇಟೆಂಟ್ ತಗೊಂಡರು. ಲಂಡನ್ನಿನ ಫ್ರಾನ್ಸಿಸ್ ಬಾರ್ಕರ್ ಕಂಪನಿ ಇವನ್ನು ತಯಾರಿಸಿತು. ಹೊಳೆಯುವ ಬಣ್ಣ ಬರುವ ಮುಂಚೆ ಮಬ್ಬು ಬೆಳಕಲ್ಲಿ ಉತ್ತರ ಯಾವುದು ಅಂತ ಕಣ್ಣಿಗೆ ಗೊತ್ತಾಗೋಕೆ ಮಾಡಿದ ಉಪಾಯ. ಸಂಜೆ ಏಳರ ಹೊತ್ತಿಗೆ ದೀಪ ಹಾಕದೆ ನೋಡಿ, ಎಷ್ಟು ಒಳ್ಳೇ ಉಪಾಯ ಅಂತ ಗೊತ್ತಾಗುತ್ತದೆ.

ಎರಡನೇ ಬಗೆ: ಡಬ್ಬಿಯ ಪಕ್ಕದಲ್ಲಿ ಒಂದು ಚಿಕ್ಕ ಗುಂಡಿ. ತೂಗುತ್ತಿರುವಾಗ ಅದನ್ನು ಮೆಲ್ಲಗೆ ಒತ್ತಿ ಒತ್ತಿ ಬಿಟ್ಟರೆ ಒಳಗಿನ ಬ್ರೇಕ್ ಕಾರ್ಡಿಗೆ ತಾಗಿ ಓಲಾಟ ಕಮ್ಮಿಯಾಗುತ್ತದೆ. ಇದು ವರ್ನರ್ ಮಾದರಿ, ಕರ್ನಲ್ ವಿಲಬಿ ವರ್ನರ್ ಹೆಸರಿನದು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯದಲ್ಲಿ ತುಂಬ ಬಳಕೆಯಲ್ಲಿದ್ದದ್ದು ಇದರ 7 ಮತ್ತು 8ನೇ ಮಾದರಿಗಳು. ನಮ್ಮ ಕಡೆ ಅಜ್ಜನ ಅಪ್ಪನದು ಅಂತ ಬರುವ ಕಂಪಾಸುಗಳಲ್ಲಿ ಅಸಲಿ ಇದ್ದರೆ ಇದೇ ಇರುವ ಸಾಧ್ಯತೆ ಇದೆ.

ಒಂದು ವರ್ನರ್ ಹೇಗಿರುತ್ತದೆ ಅಂತ ಹತ್ತಿರದಿಂದ ಹೇಳುತ್ತೇನೆ, ಗುರುತು ಹಿಡಿಯೋಕೆ ಅನುಕೂಲ. ಅಂಗೈಯಲ್ಲಿ ಕೂರುವಷ್ಟು ಗುಂಡಗಿನ ಡಬ್ಬಿ. ಮುಚ್ಚಳದಲ್ಲಿ ದುಂಡು ಗಾಜಿನ ಕಿಟಕಿ, ಗಾಜಿನ ನಡುವೆ ಕೂದಲೆಳೆಯಂಥ ಒಂದು ಗೀರು. ಎದುರು ತುದಿಯಲ್ಲಿ ಮಡಚಿ ಏಳಿಸುವ ಪ್ರಿಸಂ, ಅದಕ್ಕೊಂದು ಹಿತ್ತಾಳೆ ಗೂಡು, ಗೂಡಿನಲ್ಲಿ ಕಣ್ಣಿಡುವ ತೂತು. ಹೆಬ್ಬೆರಳು ತೂರಿಸೋಕೆ ಒಂದು ಬಳೆ. ಕೆಳಗೆ ತಿರುಗಿಸಿದರೆ ತಯಾರಿಸಿದವರ ಹೆಸರು, ನಂಬರು, ಇಸವಿ, ಜೊತೆಗೆ ಕಾಗೆ ಕಾಲಿನ ಗುರುತಿನಂಥ ಮೂರು ಗೆರೆಯ ಬಾಣ. ಆ ಬಾಣ ಅಂದರೆ ಸರಕಾರದ ಮಾಲು. ಎರಡು ಬಾಣ ಮೂತಿಗೆ ಮೂತಿ ತಾಗಿಸಿ ಹೊಡೆದಿದ್ದರೆ ಸೈನ್ಯ ಅದನ್ನು ಸೇವೆಯಿಂದ ತೆಗೆದು ಮಾರಿದೆ ಅಂತ ಅರ್ಥ. ಹೆಸರು ಲಂಡನ್ನಿನದೇ ಇರಬೇಕು ಅಂತಿಲ್ಲ. ಬೇಡಿಕೆ ಪೂರೈಸೋಕಾಗದೆ ಸ್ವಿಟ್ಜರ್ಲೆಂಡಿನ ಗಡಿಯಾರದವರಿಂದಲೂ ಮಾಡಿಸಿದರು. ಜಿನೀವಾದ ಕೋನ್, ಬರ್ನ್‌ನ ಕ್ರುಶೋಂ ಎಮೊಂ ಹೆಸರುಗಳು ಕಂಡರೆ ಅನುಮಾನ ಪಡಬೇಡಿ, ಖುಷಿ ಪಡಿ.

ಮೂರನೇ ಬಗೆಯಲ್ಲಿ ಮುಳ್ಳು ಸೋಮಾರಿ. ಎಳೆದು ಬಿಟ್ಟರೆ ಅವಸರವಿಲ್ಲದೆ ತಿರುಗಿ ತನ್ನ ಜಾಗಕ್ಕೆ ಬಂದು ನಿಲ್ಲುತ್ತದೆ. ಒಳಗೆ ದ್ರವ ಇದೆ. ಹಡಗಿನ ಕಂಪಾಸುಗಳಲ್ಲಿ ದ್ರವ 19ನೇ ಶತಮಾನದಲ್ಲೇ ಬಂದಿತ್ತು, ಅಂಗೈಗೆ ಇಳಿಯೋಕೆ ತಡವಾಯಿತು. ಕಾರಣ ಸರಳ: ದ್ರವ ಬಿಸಿಯಾದರೆ ಹಿಗ್ಗುತ್ತದೆ, ತಣ್ಣಗಾದರೆ ಕುಗ್ಗುತ್ತದೆ, ಅಷ್ಟು ಚಿಕ್ಕ ಡಬ್ಬಿಯಲ್ಲಿ ಸೋರದ ಹಾಗೆ ಮುಚ್ಚೋದು ಕಷ್ಟ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ನೌಕಾಪಡೆಯ ಕಂಪಾಸ್ ವಿಭಾಗದಲ್ಲಿದ್ದ ಕ್ರೇ-ಆಸ್ಬರ್ನ್ ಅವರ ದ್ರವದ ಕಂಪಾಸುಗಳು ಬಂದವು. ಎರಡನೇ ಯುದ್ಧದ ಹೊತ್ತಿಗೆ ಮಾರ್ಕ್ 3 ಅನ್ನುವ ಗಟ್ಟಿ ಕಪ್ಪು ಕಂಪಾಸ್ ಬಂತು. ಟಿ.ಜಿ. ಕಂಪನಿ ಲಂಡನ್ ಅಂತ ಹೆಸರು, 1940ರ ಆಸುಪಾಸಿನ ಇಸವಿ, ಬಾಣದ ಗುರುತು ಇರುತ್ತದೆ. ಕೈಯಲ್ಲಿ ಹಿಡಿದರೆ ತೂಕ ಗೊತ್ತಾಗುತ್ತದೆ, ಜೇಬಿನಲ್ಲಿ ಇಟ್ಟರೆ ಪ್ಯಾಂಟು ಜಗ್ಗುತ್ತದೆ. ಇವುಗಳಲ್ಲಿ ಗುಳ್ಳೆ ಇರುವುದು ತೀರಾ ಸಾಮಾನ್ಯ. ಕಡಲೆಕಾಳಿನಷ್ಟು ಗುಳ್ಳೆ ಇದ್ದು ಅದು ಕಾರ್ಡಿಗೆ ಅಡ್ಡ ಬರದಿದ್ದರೆ ಚಿಂತೆ ಇಲ್ಲ. ಅರ್ಧ ಡಬ್ಬಿ ಖಾಲಿಯಾಗಿದ್ದರೆ ಸೀಲು ಹೋಗಿದೆ. ದ್ರವ ತುಂಬಿಸಿ ಕೊಡುತ್ತೇನೆ ಅಂತ ಯಾರಾದರೂ ಹೇಳಿದರೂ ಕೊಡಬೇಡಿ, ಅದರೊಳಗೂ ರೇಡಿಯಂ ಬಣ್ಣ ಇರುತ್ತದೆ.

ಅದೇ ಕಾಲದಲ್ಲಿ ಇತ್ತ ಫಿನ್ಲೆಂಡಿನಲ್ಲಿ ಟುವೊಮಸ್ ವೊಹ್ಲೊನೆನ್ ಅನ್ನುವವರು ಹಗುರವಾದ ದ್ರವದ ಕಂಪಾಸನ್ನು ಹೆಚ್ಚು ಸಂಖ್ಯೆಯಲ್ಲಿ ತಯಾರಿಸುವ ದಾರಿ ಹುಡುಕಿದರು. 1936ರಲ್ಲಿ ಸುಂಟೊ ಕಂಪನಿ ಶುರುವಾದದ್ದು ಅದರಿಂದಲೇ. ಸ್ವೀಡನ್ನಿನಲ್ಲಿ ಚೆಲ್‌ಸ್ಟ್ರೋಮ್ ಸಹೋದರರು, ಗುನ್ನಾರ್ ಟಿಲಾಂಡರ್ ಸೇರಿ 1930ರ ದಶಕದಲ್ಲಿ ಕಂಪಾಸನ್ನು ಪಾರದರ್ಶಕ ಪಟ್ಟಿಯ ಮೇಲೆ ಕೂರಿಸಿದರು, ಸಿಲ್ವಾ ಅಂತ ಹೆಸರು. ನಕ್ಷೆಯ ಮೇಲೆ ನೇರವಾಗಿ ಇಟ್ಟು ಕೋನ ಓದಬಹುದು, ಬೇರೆ ಕೋನಮಾಪಕ ಬೇಕಿಲ್ಲ. ಇಂದು ಟ್ರೆಕ್ಕಿಂಗ್ ಹುಡುಗರ ಕೊರಳಲ್ಲಿ ನೇತಾಡುವ ಪ್ಲಾಸ್ಟಿಕ್ ಕಂಪಾಸ್ ಇದರ ಮೊಮ್ಮಗು. ಹಿತ್ತಾಳೆ ಪ್ರೇಮಿಗಳು ಇದನ್ನು ಮೂಸಿಯೂ ನೋಡುವುದಿಲ್ಲ. ನನ್ನ ಪ್ರಕಾರ ಬದಲಾವಣೆಗಳಲ್ಲೆಲ್ಲ ದೊಡ್ಡದು ಇದೇ.

ನಾಲ್ಕನೇ ಬಗೆ ಸ್ವಲ್ಪ ಗೊಂದಲ ಮಾಡುತ್ತದೆ. ದ್ರವ ಇಲ್ಲ, ಗುಂಡಿ ಇಲ್ಲ, ಆದರೂ ಬೇಗ ನಿಲ್ಲುತ್ತದೆ. ಹಾಗಿದ್ದರೆ ಅಯಸ್ಕಾಂತ ತಿರುಗುವ ಜಾಗದ ಹತ್ತಿರ ತಾಮ್ರ ಇಟ್ಟಿದ್ದಾರೆ. ಅಯಸ್ಕಾಂತ ಅಲ್ಲಾಡಿದಾಗ ತಾಮ್ರದಲ್ಲಿ ಸುಳಿ ವಿದ್ಯುತ್ ಹುಟ್ಟಿ ಅದೇ ಬ್ರೇಕ್ ಹಾಕುತ್ತದೆ. ಅಮೆರಿಕದ ಸೈನ್ಯದ ಎಂ-1950 ಕಂಪಾಸಿನಲ್ಲಿ ಇರುವುದು ಇದು. ಸೋರುವ ಭಯವಿಲ್ಲ, ಗುಳ್ಳೆಯೂ ಇಲ್ಲ. ಹಾಳಾಗೋಕೆ ಏನೂ ಇಲ್ಲದ ಮದ್ದು ಅಂದರೆ ಇದೇ.

ಅಂಕಿಗಳು ಉಲ್ಟಾ ಇವೆಯಾ?

ಪ್ರಿಸಂ ಇರುವ ಕಂಪಾಸನ್ನು ಮೇಲಿನಿಂದ ನೋಡಿದರೆ ಅಂಕಿಗಳು ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಇರುತ್ತವೆ. ಅದೂ ಸಾಲದು ಅಂತ ಉತ್ತರದ ಜಾಗದಲ್ಲಿ 180, ದಕ್ಷಿಣದ ಜಾಗದಲ್ಲಿ 0 ಇರುತ್ತದೆ. ಇದನ್ನು ನೋಡಿ ನಕಲಿ ಅಂತ ಬಿಸಾಕಿದವರನ್ನು ನೋಡಿದ್ದೇನೆ. ನೀವು ಕಣ್ಣಿಡುವುದು ಪ್ರಿಸಂನಲ್ಲಿ. ಅದು ನಿಮ್ಮ ಕಡೆಯ ಅಂಚಿನ ಅಂಕಿಯನ್ನು ತೋರಿಸುತ್ತದೆ, ನೀವು ನೋಡುತ್ತಿರುವುದು ಎದುರು ಕಡೆಗೆ. ಅದಕ್ಕೇ ಪೂರ್ತಿ 180 ಡಿಗ್ರಿ ತಿರುಗಿಸಿ, ಕನ್ನಡಿ ಬರಹದಲ್ಲಿ ಅಚ್ಚು ಹಾಕಿದ್ದಾರೆ. ಪ್ರಿಸಂ ಏಳಿಸಿ ಕಣ್ಣಿಟ್ಟರೆ ದೂರದ ಗುಡ್ಡ, ಅದರ ಮೇಲೆ ಮುಚ್ಚಳದ ಗೀರು, ಕೆಳಗೆ ನೆಟ್ಟಗೆ ನಿಂತ ಅಂಕಿ, ಮೂರೂ ಒಟ್ಟಿಗೆ ಕಾಣುತ್ತವೆ.

ಈ ಪ್ರಿಸಂ ಉಪಾಯಕ್ಕೆ 1812ರಲ್ಲಿ ಲಂಡನ್ನಿನ ಶ್ಮಾಲ್ಕಾಲ್ಡರ್ ಪೇಟೆಂಟ್ ತಗೊಂಡರು. ಯೋಚನೆ ಹೊಳೆದದ್ದು ಹೆನ್ರಿ ಕೇಟರ್ ಅವರಿಗೆ ಅನ್ನುವವರೂ ಇದ್ದಾರೆ. ಕೇಟರ್ ಸೈನಿಕ, ಶ್ರೀರಂಗಪಟ್ಟಣ ಬಿದ್ದ ಮೇಲೆ ದಕ್ಷಿಣ ಭಾರತದಲ್ಲಿ ಶುರುವಾದ ಲ್ಯಾಂಬ್ಟನ್ ಅನ್ನುವ ಬ್ರಿಟಿಷ್ ಅಧಿಕಾರಿಯ ಭೂಮಾಪನ ಸರ್ವೆಯಲ್ಲಿ ಕೆಲಸ ಮಾಡಿದವರು. ಜಗಳ ಯಾರ ಕಡೆ ತೀರ್ಮಾನವಾದರೂ ನಮ್ಮ ಸೀಮೆಯ ಬಿಸಿಲಿನ ಪಾಲೂ ಸ್ವಲ್ಪ ಇದೆ ಅಂದುಕೊಳ್ಳೋಣ.

ಉಲ್ಟಾ ಇರುವ ಇನ್ನೊಂದು ಕಂಪಾಸ್ ಬ್ರಂಟನ್. ಇದರಲ್ಲಿ ಪೂರ್ವ, ಪಶ್ಚಿಮ ಅದಲು ಬದಲಾಗಿರುತ್ತವೆ. ಮುಖಬಿಲ್ಲೆ ಡಬ್ಬಿಯ ಜೊತೆ ತಿರುಗುತ್ತದೆ, ಮುಳ್ಳು ಮಾತ್ರ ಉತ್ತರಕ್ಕೇ ನಿಂತಿರುತ್ತದೆ. ನೀವು ಬಲಕ್ಕೆ, ಅಂದರೆ ಪೂರ್ವಕ್ಕೆ ತಿರುಗಿದರೆ ಮುಳ್ಳು ಮುಖಬಿಲ್ಲೆಯ ಎಡಭಾಗಕ್ಕೆ ಬರುತ್ತದೆ. ಎಡಗಡೆ ಪೂರ್ವ ಅಂತ ಬರೆದಿದ್ದರೆ ಮುಳ್ಳಿನ ತುದಿ ತೋರಿಸಿದ್ದನ್ನೇ ಓದಿಕೊಂಡರೆ ಆಯಿತು. ಗಣಿ ಎಂಜಿನಿಯರ್ ಡೇವಿಡ್ ಬ್ರಂಟನ್ 1894ರಲ್ಲಿ ಪೇಟೆಂಟ್ ಪಡೆದ ಈ ಡಬ್ಬಿಯಲ್ಲಿ ಕನ್ನಡಿ, ಮಟ್ಟದ ಗುಳ್ಳೆ, ಇಳಿಜಾರು ಅಳೆಯುವ ಕೋನಮಾಪಕ ಎಲ್ಲ ಇವೆ. ಬಾದಾಮಿಯ ಮರಳುಗಲ್ಲು ಎತ್ತ ವಾಲಿದೆ, ಎಷ್ಟು ವಾಲಿದೆ ಅಂತ ಅಳೆಯೋಕೆ ಬರುವ ಭೂವಿಜ್ಞಾನದ ಹುಡುಗರ ಸೊಂಟದಲ್ಲಿ ಇವತ್ತಿಗೂ ಇದೇ ಇರುತ್ತದೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಕಲಾದಗಿ ಸುತ್ತಲಿನ ಕಲ್ಲುಗಳ ಬಗ್ಗೆ ಬರೆದು ಪ್ರಕಟಿಸಿದ್ದು 1876ರಲ್ಲಿ, ಆಗ ಬ್ರಂಟನ್ ಇನ್ನೂ ಬಂದಿರಲಿಲ್ಲ. ಹಳೇ ಬ್ರಂಟನ್ ಸಿಕ್ಕರೆ ಡೆನ್ವರ್‌ನ ಏನ್ಸ್‌ವರ್ತ್ ಹೆಸರು ಇದೆಯಾ ನೋಡಿ. 1972ರವರೆಗೆ ಮಾಡುತ್ತಿದ್ದವರು ಅವರೇ.

ನಕಲಿ ಹಿಡಿಯೋದು

"ಅಸಲಿ ಐತ್ರೀ ಸರ, ಇಂಗ್ರೇಜರ ಕಾಲದ್ದು" ಅಂತ ಅಂಗಡಿಯವರು ಹೇಳುತ್ತಾರೆ. ಪಾಪ, ಎಷ್ಟೋ ಸಲ ಅವರಿಗೂ ಹಾಗೇ ಹೇಳಿ ಮಾರಿರುತ್ತಾರೆ. ಮಾರುಕಟ್ಟೆಯಲ್ಲಿ ಓಡಾಡುವ 'ಬ್ರಿಟಿಷ್' ಹಿತ್ತಾಳೆ ಕಂಪಾಸುಗಳಲ್ಲಿ ಬಹಳಷ್ಟು ನಮ್ಮ ದೇಶದ್ದೇ, ಉತ್ತರಾಖಂಡದ ರೂರ್ಕಿ ಕಡೆ ತಯಾರಾಗುವ ಅಲಂಕಾರದ ಮಾಲು. ಮೇಲೆ ಸ್ಟ್ಯಾನ್ಲಿ ಲಂಡನ್, ರಾಸ್ ಲಂಡನ್, ಡಾಲಂಡ್ ಲಂಡನ್ ಅಂತ ಇರುತ್ತದೆ. ಈ ಹೆಸರಿನ ಅಸಲಿ ಕಂಪನಿಗಳು ಲಂಡನ್ನಿನಲ್ಲಿ ಇದ್ದದ್ದು ನಿಜ, ಮೋಸ ಇರುವುದೇ ಅಲ್ಲಿ.

ಮೊದಲು ಸ್ಕ್ರೂ ನೋಡಿ. ಪ್ಲಸ್ ತಲೆಯ ಸ್ಕ್ರೂ ಇದ್ದರೆ ಮಾತು ಮುಗಿಯಿತು. ಫಿಲಿಪ್ಸ್ ಸ್ಕ್ರೂ ಪೇಟೆಂಟ್ ಆದದ್ದು 1930ರ ದಶಕದಲ್ಲಿ, ಈ ನಕಲಿಗಳ ಮೇಲೆ ಕೆತ್ತಿರುವ ಹಾಗೆ 1885ರ ಕಂಪಾಸ್ ಆಗಿದ್ದರೆ ಅದರಲ್ಲಿ ಅದು ಹೇಗೆ ಬರುತ್ತದೆ? ಆಮೇಲೆ ಅಕ್ಷರ. ಭೂತಗನ್ನಡಿ ಹಿಡಿದು ಗೀರಿನ ತಳ ನೋಡಿ. ಕೆತ್ತಿದ್ದರೆ ಗೀರು ಚೂಪಾಗಿ ನಯವಾಗಿ ಇಳಿದಿರುತ್ತದೆ. ಆಸಿಡ್ಡಿನಲ್ಲಿ ತಿನ್ನಿಸಿದ್ದರೆ ತಳ ಒರಟು, ಆಳ ಎಲ್ಲ ಕಡೆ ಒಂದೇ, ಕಪ್ಪು ಬಣ್ಣ ತುಂಬಿಸಿರುತ್ತಾರೆ. ಮುಚ್ಚಳದ ಒಳಗೆ ಎರಡು ದಾರಿಗಳ ಬಗೆಗಿನ ಇಂಗ್ಲಿಷ್ ಪದ್ಯ ಕೆತ್ತಿದ್ದರೆ ಇನ್ನೂ ಸುಲಭ. ಆ ಅಮೆರಿಕನ್ ಪದ್ಯ ಮೊದಲು ಅಚ್ಚಾದದ್ದೇ 1915ರಲ್ಲಿ, ಮುಚ್ಚಳದ ಹೊರಗೆ ಮಾತ್ರ 1885 ಅಂತ ಇರುತ್ತದೆ! ಮಾಡುವವರೂ ಗಮನಿಸಿಲ್ಲ, ಕೊಳ್ಳುವವರೂ ಗಮನಿಸುವುದಿಲ್ಲ.

ಕೊನೆಗೆ ಸವೆತ. ನಿಜವಾಗಿ ಬಳಸಿದ ಕಂಪಾಸಿನಲ್ಲಿ ಹೆಬ್ಬೆರಳು ತಾಗುವ ಬಳೆ, ಮುಚ್ಚಳ ಎತ್ತುವ ಅಂಚು, ಚರ್ಮದ ಚೀಲಕ್ಕೆ ಉಜ್ಜುವ ಮೂಲೆ ಇಲ್ಲೆಲ್ಲ ಬಣ್ಣ ಹೋಗಿರುತ್ತದೆ, ಪ್ರಿಸಂ ಕೆಳಗಿನ ಸಂದಿಯಲ್ಲಿ ಉಳಿದಿರುತ್ತದೆ. ನಕಲಿಯಲ್ಲಿ ಕಂದು ಬಣ್ಣ ಎಲ್ಲ ಕಡೆ ಒಂದೇ ಸಮ.

ಕಲ್ಕತ್ತದ ಗುರುತು ಇರುವ ಉಪಕರಣ ಸಿಕ್ಕರೆ, ಲಂಡನ್ನಿನದಲ್ಲ ಅಂತ ಮೂಗು ಮುರಿಯಬೇಡಿ. ಅಲ್ಲಿನ ಮ್ಯಾಥಮ್ಯಾಟಿಕಲ್ ಇನ್‌ಸ್ಟ್ರುಮೆಂಟ್ ಆಫೀಸ್ 1830ರಷ್ಟು ಹಳೇದು, ಸರ್ವೆಯವರ ಉಪಕರಣಗಳನ್ನು ನೋಡಿಕೊಳ್ಳುತ್ತಿದ್ದದ್ದು ಅದೇ. ಸ್ವಾತಂತ್ರ್ಯ ಬಂದ ಮೇಲೆ ಜಾದವಪುರದ ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್ ಆಯಿತು. ನಮ್ಮ ದೇಶದಲ್ಲಿ ನಿಜವಾಗಿ ಹೊಲ ಗುಡ್ಡ ಸುತ್ತಿದ ಕಂಪಾಸ್ ಬೇಕು ಅಂದರೆ ನಾನು ಹುಡುಕುವುದು ಆ ಗುರುತನ್ನೇ.

ಸರಿಯಾಗಿ ತೋರಿಸುತ್ತದಾ?

ಪರೀಕ್ಷೆಗೆ ಜಾಗ ಮುಖ್ಯ. ಮನೆಯ ತಾರಸಿ ಬೇಡ, ಸ್ಲ್ಯಾಬಿನ ಒಳಗೆಲ್ಲ ಕಬ್ಬಿಣದ ರಾಡು. ಕಿಟಕಿ ಸರಳು, ಬೈಕು, ಕರೆಂಟಿನ ಕಂಬ ಹತ್ತಿರ ಬೇಡ. ಉದ್ಯಮಬಾಗದಲ್ಲಿ ಫೌಂಡ್ರಿಗಳ ನಡುವೆ ನಿಂತು ಉತ್ತರ ಹುಡುಕಿದರೆ ಸಿಗುವುದು ಯಾರದೋ ಎರಕದ ರಾಶಿ. ಮೊಬೈಲು, ಸ್ಟೀಲ್ ವಾಚು, ಬೆಲ್ಟಿನ ಬಕಲ್ ತೆಗೆದು ಪಕ್ಕಕ್ಕಿಡಿ.

ಬಯಲಿಗೆ ಹೋದ ಮೇಲೆ ಬೀಗದ ಕೈಯಿಂದ ಮುಳ್ಳನ್ನು ಒಂದು ಸಲ ಎಡಕ್ಕೆ, ಇನ್ನೊಂದು ಸಲ ಬಲಕ್ಕೆ ಎಳೆದು ಬಿಡಿ. ಎರಡು ಸಲವೂ ಒಂದೇ ಅಂಕಿಗೆ ಬಂದು ನಿಂತರೆ ಮೊಳೆ ಚೆನ್ನಾಗಿದೆ. ಒಂದು ಡಿಗ್ರಿ ಆಚೆ ಈಚೆ ಆದರೆ ಪರವಾಗಿಲ್ಲ. ನಾಲ್ಕೈದು ಡಿಗ್ರಿ ವ್ಯತ್ಯಾಸ ಬಂದರೆ ಮೊಳೆಯ ತುದಿ ಮೊಂಡಾಗಿದೆ ಅಥವಾ ಮೊಳೆಯ ಮೇಲೆ ಕೂರುವ, ಮುಳ್ಳಿನ ನಡುವಿನ ಕಲ್ಲಿನ ಪುಟ್ಟ ಬಟ್ಟಲು ಸೀಳಿದೆ.

ಮುಳ್ಳಿನ ದಕ್ಷಿಣದ ತುದಿ ಕೆಳಗೆ ಬಾಗಿ ತಳಕ್ಕೆ ತಾಗುತ್ತಿದೆಯಾ? ಗಾಬರಿ ಬೇಡ, ಬಹುಶಃ ಅದು ಬ್ರಿಟನ್ನಿಗೆ ತೂಕ ಹೊಂದಿಸಿದ ಕಂಪಾಸ್. ಭೂಮಿಯ ಅಯಸ್ಕಾಂತದ ಎಳೆತ ನೆಲಕ್ಕೆ ಮಟ್ಟಸವಾಗಿ ಇರುವುದಿಲ್ಲ. ಲಂಡನ್ನಿನಲ್ಲಿ ಅದು ಸುಮಾರು 66 ಡಿಗ್ರಿ ಕೆಳಮುಖ, ಇಲ್ಲಿ 20ರ ಆಸುಪಾಸು. ಅಲ್ಲಿ ಉತ್ತರದ ತುದಿ ಬಾಗದಿರಲಿ ಅಂತ ದಕ್ಷಿಣದ ಕಡೆ ಭಾರ ಕೊಟ್ಟಿರುತ್ತಾರೆ. ಇಲ್ಲಿಗೆ ಬಂದಾಗ ಆ ಭಾರ ಜಾಸ್ತಿಯಾಗುತ್ತದೆ. ಮುಳ್ಳಿಗೆ ತೆಳ್ಳನೆ ತಂತಿ ಸುತ್ತಿದ್ದರೆ ಅದನ್ನು ನಡುವಿನ ಕಡೆಗೆ ಚೂರು ಸರಿಸಿದರೆ ಸರಿಹೋಗುತ್ತದೆ. ಡಬ್ಬಿ ಬಿಚ್ಚಬೇಕಾಗುತ್ತದೆ, ಹಾಗಾಗಿ ರೇಡಿಯಂ ಇಲ್ಲ ಅಂತ ಖಾತ್ರಿ ಇದ್ದರೆ ಮಾತ್ರ. ಇದರಲ್ಲಿ ನಮಗೊಂದು ಲಾಭವೂ ಇದೆ. ಮುಳ್ಳನ್ನು ಉತ್ತರಕ್ಕೆ ತಿರುಗಿಸುವ ಮಟ್ಟಸದ ಎಳೆತ ಇಲ್ಲಿ ಲಂಡನ್ನಿನ ಸುಮಾರು ಎರಡು ಪಟ್ಟು. ಅಲ್ಲಿ ಮಂದವಾಗಿದ್ದ ಹಳೇ ಮುಳ್ಳು ಇಲ್ಲಿ ಚುರುಕಾಗುತ್ತದೆ.

ಈಗ ನಿಜವಾದ ಪರೀಕ್ಷೆ. ದೂರದಿಂದ ಸ್ಪಷ್ಟವಾಗಿ ಕಾಣುವ ಒಂದು ಗುರಿ ಬೇಕು. ಯಳ್ಳೂರ ಕಡೆಯ ಹೊಲಗಳ ಬದುವಿನ ಮೇಲೆ ನಿಂತರೆ ರಾಜಹಂಸಗಡ ಕಾಣುತ್ತದೆ, ಅಲ್ಲಿನ ಶಿವಾಜಿ ಪ್ರತಿಮೆಗೆ ಗೀರು ಹೊಂದಿಸೋದು ಸುಲಭ. ಅಂಕಿ ಓದಿ ಬರೆದುಕೊಳ್ಳಿ. ಮನೆಗೆ ಬಂದು ನಕ್ಷೆಯ ಆ್ಯಪಿನಲ್ಲಿ ನೀವು ನಿಂತ ಜಾಗದಿಂದ ಪ್ರತಿಮೆಗೆ ಗೆರೆ ಎಳೆದು ಕೋನ ನೋಡಿ. ನಿಜವಾದ ಉತ್ತರಕ್ಕೂ ಕಂಪಾಸಿನ ಉತ್ತರಕ್ಕೂ ಇರುವ ವ್ಯತ್ಯಾಸ ನಮ್ಮ ಕಡೆ ಒಂದು ಡಿಗ್ರಿಯ ಆಸುಪಾಸು ಅಷ್ಟೇ, ಆದ್ದರಿಂದ ಹಳೇ ಕಂಪಾಸಿನ ಲೆಕ್ಕಕ್ಕೆ ಅದನ್ನು ಮರೆತರೂ ನಡೆಯುತ್ತದೆ. ಎರಡು ಡಿಗ್ರಿಯೊಳಗೆ ಹೊಂದಿದರೆ ನೂರು ವರ್ಷದ ಕಂಪಾಸಿಗೆ ಅದು ಒಳ್ಳೇ ಅಂಕ.

ಹೊಂದದಿದ್ದರೆ ತಕ್ಷಣ ಕಂಪಾಸನ್ನು ಬೈಯಬೇಡಿ, ನೆಲದ ತಪ್ಪೂ ಇರಬಹುದು. ಬೆಳಗಾವಿಯ ಸುತ್ತ, ವಿಜಯಪುರದ ಕಡೆ ಇನ್ನೂ ಜಾಸ್ತಿ, ಕೆಳಗಿರುವುದು ಕರಿಕಲ್ಲು, ಲಾವಾ ಹರಿದು ಗಟ್ಟಿಯಾದದ್ದು. ಅದರಲ್ಲಿ ಮ್ಯಾಗ್ನೆಟೈಟ್ ಅನ್ನುವ, ಮುಳ್ಳನ್ನು ಎಳೆಯುವ ಕಬ್ಬಿಣದ ಖನಿಜ ಇರುತ್ತದೆ. ಸಿಡಿಲು ಬಡಿದ ಗುಡ್ಡದ ತುದಿಯ ಬಂಡೆಯ ಮೇಲಂತೂ ಮುಳ್ಳು ಎತ್ತ ಬೇಕಾದರೂ ತಿರುಗಬಹುದು. ಸಿವಿಲ್ ಡಿಪ್ಲೊಮಾ ಓದಿದವರಿಗೆ ಫೋರ್ ಬೇರಿಂಗ್, ಬ್ಯಾಕ್ ಬೇರಿಂಗ್ ನೆನಪಿರಬೇಕು. ಇಲ್ಲಿಂದ ಅಲ್ಲಿಗೆ ಓದಿ, ಅಲ್ಲಿ ಹೋಗಿ ಇಲ್ಲಿಗೆ ಓದಿ. ಎರಡರ ವ್ಯತ್ಯಾಸ 180 ಬರಬೇಕು. ಬಂದರೆ ಎರಡೂ ಜಾಗ ಸ್ವಚ್ಛ. ಆಗಲೂ ನಕ್ಷೆಯ ಜೊತೆ ಹೊಂದುತ್ತಿಲ್ಲ ಅಂದರೆ ತಪ್ಪು ಕಂಪಾಸಿನದು.

ಉತ್ತರದ ಬದಲು ದಕ್ಷಿಣ ತೋರಿಸಿದರೆ ಅದು ರೋಗವೇ ಅಲ್ಲ. ಸ್ಪೀಕರಿನ ಪಕ್ಕವೋ ಅಯಸ್ಕಾಂತ ಇರುವ ಮೊಬೈಲ್ ಕವರಿನ ಪಕ್ಕವೋ ಇಟ್ಟಿರುತ್ತಾರೆ, ಮುಳ್ಳು ಉಲ್ಟಾ ಆಗಿರುತ್ತದೆ. ಎತ್ತಿ ಹಿಡಿಯುವ ಸನ್ನೆ ಇರುವ ಒಣ ಕಂಪಾಸಾದರೆ ಮುಳ್ಳನ್ನು ಅದುಮಿ ಹಿಡಿಸಿ, ಗಟ್ಟಿ ಅಯಸ್ಕಾಂತದ ದಕ್ಷಿಣ ಧ್ರುವವನ್ನು ಗಾಜಿನ ಮೇಲೆ ಮುಳ್ಳಿನ ನಡುವಿನಿಂದ ಉತ್ತರದ ತುದಿಯ ಕಡೆಗೆ ಎಳೆಯಿರಿ, ತುದಿ ದಾಟಿದ ಮೇಲೆ ಮೇಲೆತ್ತಿ ಮತ್ತೆ ನಡುವಿನಿಂದ ಶುರು ಮಾಡಿ. ಹಿಂದೆ ಮುಂದೆ ಉಜ್ಜಬಾರದು, ಒಂದೇ ದಿಕ್ಕು. ಕೆಲವು ಸಲ ಎಳೆದು ಬಿಟ್ಟು ನೋಡಿ, ತಿರುಗಿರುತ್ತದೆ.

ಸರ್ವೆ ಕಂಪಾಸುಗಳಲ್ಲಿ ಎದುರಿನ ಚೌಕಟ್ಟಿನಲ್ಲಿ ಗುರಿ ಹಿಡಿಯೋಕೆ ಕಟ್ಟಿದ ಕೂದಲು ಹರಿದಿರುವುದು ಸಾಮಾನ್ಯ. ಹಿಂದೆ ಕುದುರೆ ಬಾಲದ ಕೂದಲು ಹಾಕುತ್ತಿದ್ದರು. ನಮಗೆ ಅಷ್ಟು ದೂರ ಹೋಗೋದು ಬೇಡ, ವಡಗಾವಿ, ಖಾಸಬಾಗ ಕಡೆ ನೇಕಾರರ ಮನೆಯಲ್ಲಿ ಕೇಳಿದರೆ ರೇಷ್ಮೆಯ ಒಂದೆಳೆ ಸಿಗುತ್ತದೆ. ಕಪ್ಪು ಬಣ್ಣದ್ದು ತಗೊಳ್ಳಿ. ಮೇಲಿನ ತೂತಿನಲ್ಲಿ ಗಂಟು ಹಾಕಿ, ಕೆಳಗೆ ಬಿಗಿಯಾಗಿ ಎಳೆದು ಒಂದು ಹನಿ ಅಂಟು ಹಾಕಿ. ಫೆವಿಕ್ವಿಕ್ ಬೇಡ, ಅದರ ಹೊಗೆ ಗಾಜಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ.

ಇಡೋದು ಹೇಗೆ ಅಂದರೆ, ಚರ್ಮದ ಚೀಲ ಇದ್ದರೆ ಅದನ್ನು ಬಿಸಾಕಬೇಡಿ, ಅದರ ಮೇಲೂ ಇಸವಿ, ಹೆಸರು ಒತ್ತಿರುತ್ತಾರೆ. ಆದರೆ ಕಂಪಾಸನ್ನು ಅದರೊಳಗೆ ಇಡಬೇಡಿ. ಹದ ಮಾಡಿದ ಚರ್ಮದ ಹುಳಿ, ಬೆಳಗಾವಿಯ ಮಳೆಗಾಲದ ತೇವ ಎರಡೂ ಸೇರಿದರೆ ಹಿತ್ತಾಳೆಗೆ ಕಿಲುಬು ಗ್ಯಾರಂಟಿ. ಪಕ್ಕದಲ್ಲಿ ಬೇರೆ ಇಡಿ. ಎರಡು ಕಂಪಾಸು ಅಂಟಿಸಿ ಇಡಬೇಡಿ, ಒಂದರ ಮುಳ್ಳು ಇನ್ನೊಂದನ್ನು ಕೆಡಿಸುತ್ತದೆ. ವಿದೇಶದಲ್ಲಿರುವ ತಮ್ಮನಿಗೆ ಉಡುಗೊರೆ ಕಳಿಸುವ ಯೋಚನೆ ಇದ್ದರೆ ಮೊದಲು ಇಸವಿ ಲೆಕ್ಕ ಹಾಕಿ. 1972ರ ಪ್ರಾಚೀನ ವಸ್ತುಗಳ ಕಾಯ್ದೆ ನೂರು ವರ್ಷ ದಾಟಿದ ವಸ್ತುಗಳಿಗೆ ಅನ್ವಯಿಸುತ್ತದೆ, ಅಂಥವನ್ನು ಅನುಮತಿ ಇಲ್ಲದೆ ದೇಶದ ಹೊರಗೆ ಕಳಿಸುವಂತಿಲ್ಲ. 1917 ಅಂತ ಒತ್ತಿದ ಅಸಲಿ ವರ್ನರ್ ಈಗ ಆ ಗೆರೆ ದಾಟಿದೆ. ರೂರ್ಕಿಯ 1885ಕ್ಕೆ ಮಾತ್ರ ಯಾವ ತೊಂದರೆಯೂ ಇಲ್ಲ.